ಆಡುವ ಮೊದಲೇ ಕಿರೀಟ, ಎಡವಿದರೆ ಛೀಮಾರಿ

ಮಾನ್ಯರೇ,

ಟೆಕ್ಸಾಸ್ ವಿಶ್ವವಿದ್ಯಾಲಯದ ಅಮೆರಿಕನ್ ಫುಟ್‌ಬಾಲ್ ತಂಡದ ಕ್ವಾರ್ಟರ್‌ಬ್ಯಾಕ್ (ಚೆಂಡೆಸೆದು ಆಟ ನಡೆಸುವ ಆಟಗಾರ) ಆರ್ಚ್ ಮ್ಯಾನಿಂಗ್ ನಿರೀಕ್ಷೆ ಹುಸಿಗೊಳಿಸಿದ ಎಂಬ ಮಾತು 2025ರ ಋತುವಿನಲ್ಲಿ ಮತ್ತೆ ಮತ್ತೆ ಕೇಳಿಬಂತು. ಆಸ್ಟಿನ್‌ನಲ್ಲಿ ನೆಲೆಸಿ ಈ ತಂಡದ ಆಟ ನೋಡುತ್ತ ಬಂದಿರುವ ಕನ್ನಡಿಗನಾಗಿ ಕೇಳುತ್ತೇನೆ: ಆ ನಿರೀಕ್ಷೆಯನ್ನು ಹುಟ್ಟುಹಾಕಿದವರು ಯಾರು?

ಆರ್ಚ್‌ನ ತಾತ ಆರ್ಚಿ ಹೆಸರಾಂತ ಕ್ವಾರ್ಟರ್‌ಬ್ಯಾಕ್. ಚಿಕ್ಕಪ್ಪಂದಿರಾದ ಪೇಟನ್ ಮತ್ತು ಈಲೈ ವೃತ್ತಿಪರ ಲೀಗ್‌ನ ಅಂತಿಮ ಪಂದ್ಯವಾದ ಸೂಪರ್ ಬೌಲ್ ಅನ್ನು ತಲಾ ಎರಡು ಬಾರಿ ಗೆದ್ದವರು. ತಂದೆ ಕೂಪರ್ ಮಾತ್ರ ಬೆನ್ನುಹುರಿಯ ತೊಂದರೆಯಿಂದ ಹರೆಯದಲ್ಲೇ ಆಟ ಬಿಡಬೇಕಾಯಿತು. ಈ ಮನೆತನದ ಹೆಸರೊಂದೇ ಸಾಕಾಯಿತು. 2025ರ ಋತುವಿಗೆ ಮೊದಲು ಆರ್ಚ್ ಪಂದ್ಯದ ಆರಂಭದಿಂದ ಕಣಕ್ಕಿಳಿದದ್ದು ಎರಡೇ ಬಾರಿ, ಅದೂ 2024ರಲ್ಲಿ ತಂಡದ ಮುಖ್ಯ ಕ್ವಾರ್ಟರ್‌ಬ್ಯಾಕ್ ಕ್ವಿನ್ ಯೂವರ್ಸ್ ಗಾಯಗೊಂಡಿದ್ದರಿಂದ. ಆದರೂ ಕಾಲೇಜು ಫುಟ್‌ಬಾಲ್‌ನ ಅತ್ಯುತ್ತಮ ಆಟಗಾರನಿಗೆ ಕೊಡುವ ಹೈಸ್ಮನ್ ಪ್ರಶಸ್ತಿಗೆ ಆತನದೇ ಹೆಸರು ಎಲ್ಲರ ಬಾಯಲ್ಲಿ. ಸುದ್ದಿಸಂಸ್ಥೆ ಅಸೋಸಿಯೇಟೆಡ್ ಪ್ರೆಸ್‌ನ ಋತುಪೂರ್ವ ಶ್ರೇಯಾಂಕ ಪಟ್ಟಿಯಲ್ಲಿ ಟೆಕ್ಸಾಸ್‌ಗೆ ಇತಿಹಾಸದಲ್ಲೇ ಮೊದಲ ಬಾರಿಗೆ ಒಂದನೇ ಸ್ಥಾನ. ಆ ಪಟ್ಟಿಗೆ ಮತ ಹಾಕುವವರು ಕ್ರೀಡಾ ಪತ್ರಕರ್ತರೇ!

ಆರಂಭದಲ್ಲಿ ಆತ ಚೆನ್ನಾಗಿ ಆಡಲಿಲ್ಲ ಎಂಬುದು ನಿಜ. ಕೊಲಂಬಸ್‌ನಲ್ಲಿ ಒಹಾಯೊ ಸ್ಟೇಟ್ ವಿರುದ್ಧದ ಮೊದಲ ಪಂದ್ಯದಲ್ಲಿ, ಅಂಕ ತರುವ ಗೆರೆ ದಾಟಲು ಒಂದೇ ಗಜ ಉಳಿದಿದ್ದಾಗ, ಕೊನೆಯ ಅವಕಾಶದಲ್ಲಿ ತಾನೇ ಚೆಂಡು ಹಿಡಿದು ನುಗ್ಗಿದ, ಎದುರಾಳಿಗಳು ಜಗ್ಗಲಿಲ್ಲ. ಟೆಕ್ಸಾಸ್ 7–14ರಿಂದ ಸೋತಿತು. ಎರಡು ವಾರಗಳ ನಂತರ ಎಲ್ ಪಾಸೊದ ತಂಡದ ಎದುರು ಆತನ ಸತತ ಹತ್ತು ಎಸೆತಗಳು ಸಹ ಆಟಗಾರರ ಕೈ ಸೇರಲಿಲ್ಲ. ತವರಿನ ಪ್ರೇಕ್ಷಕರೇ ‘ಬೂ’ ಎಂದು ಕೂಗಿ ಹೀಯಾಳಿಸಿದರು. ತಂಡ ಆ ಪಂದ್ಯವನ್ನು 27–10ರಿಂದ ಗೆದ್ದಿತ್ತು ಎಂಬುದನ್ನು ಗಮನಿಸಬೇಕು. ಇಪ್ಪತ್ತೊಂದರ ವಿದ್ಯಾರ್ಥಿಯೊಬ್ಬನನ್ನು ಅವನದೇ ಅಂಗಳದಲ್ಲಿ ಹೀಗೆ ನಡೆಸಿಕೊಂಡದ್ದು ನನಗೆ ಇಂದಿಗೂ ನೋವಿನ ಸಂಗತಿ.

ಚೆಂಡೆಸೆಯುವವನಿಗೆ ರಕ್ಷಣೆ ಕೊಡುವ ಐವರಲ್ಲಿ ನಾಲ್ವರು 2024ರ ಋತು ಮುಗಿದ ಮೇಲೆ ತಂಡ ಬಿಟ್ಟಿದ್ದರು. ಫ್ಲಾರಿಡಾ ಎದುರು ಸೋತ ಪಂದ್ಯದಲ್ಲಿ ಎದುರಾಳಿಗಳು ಆರು ಬಾರಿ ಆತನನ್ನು ನೆಲಕ್ಕೆ ಕೆಡವಿದರು. ಕಾಲೂರಿ ನಿಲ್ಲುವಷ್ಟರಲ್ಲಿ ಮೈಮೇಲೆ ಬಿದ್ದರೆ ಯಾರ ತೋಳು ತಾನೇ ಗುರಿ ಹಿಡಿದೀತು? ಆ ಸೋಲಿನೊಂದಿಗೆ ಟೆಕ್ಸಾಸ್ ಪತ್ರಕರ್ತರ ಆ ಪಟ್ಟಿಯ ಮೊದಲ 25 ತಂಡಗಳ ಸಾಲಿನಿಂದಲೇ ಹೊರಬಿತ್ತು. ಆದರೆ ಅದೇ ಹುಡುಗ ನವೆಂಬರ್ ಕೊನೆಯಲ್ಲಿ, ಅಲ್ಲಿಯವರೆಗೆ ಅಜೇಯವಾಗಿದ್ದ ಟೆಕ್ಸಾಸ್ ಎ ಅಂಡ್ ಎಂ ತಂಡವನ್ನು 27–17ರಿಂದ ಮಣಿಸಲು ನೆರವಾದ. ವರ್ಷದ ಕೊನೆಯ ದಿನ ಮಿಷಿಗನ್ ವಿರುದ್ಧವೂ ಗೆಲುವು.

ಇದೇನೂ ಹೊಸತಲ್ಲ. 1990ರ ದಶಕದಲ್ಲಿ ನೋಟ್ರ ಡೇಮ್ ವಿಶ್ವವಿದ್ಯಾಲಯದ ಕ್ವಾರ್ಟರ್‌ಬ್ಯಾಕ್ ರಾನ್ ಪೌಲಸ್ ಕನಿಷ್ಠ ಎರಡು ಹೈಸ್ಮನ್ ಗೆಲ್ಲುತ್ತಾನೆಂದು ವಿಶ್ಲೇಷಕ ಬೀನೊ ಕುಕ್ ಭವಿಷ್ಯ ನುಡಿದಿದ್ದರು. ಪೌಲಸ್‌ಗೆ ಒಂದೂ ಸಿಗಲಿಲ್ಲ. ತನ್ನ ವಿಶ್ವವಿದ್ಯಾಲಯದ ಎಸೆತದ ದಾಖಲೆಗಳನ್ನೇ ಮುರಿದರೂ ಆತನನ್ನು ಜನ ನೆನೆಯುವುದು ಹುಸಿಯಾದ ಆ ಭವಿಷ್ಯದಿಂದ. ನುಡಿದವರ ತಪ್ಪಿಗೆ ಆಡಿದವನು ಬೆಲೆ ತೆತ್ತ.

ರಾಷ್ಟ್ರೀಯ ಪ್ರಶಸ್ತಿಗಾಗಿ ನಡೆಯುವ ಪ್ಲೇಆಫ್ ಪಂದ್ಯಗಳಿಗೆ ತಂಡಗಳನ್ನು ಆರಿಸುವ ಸಮಿತಿ ತನ್ನ ಮೊದಲ ಶ್ರೇಯಾಂಕ ಪಟ್ಟಿ ಪ್ರಕಟಿಸುವುದು ಋತು ಅರ್ಧ ದಾಟಿದ ಮೇಲೆಯೇ. ಪತ್ರಕರ್ತರೂ ಕನಿಷ್ಠ ಐದು ವಾರವಾದರೂ ಕಾಯಬೇಕು. ಆಗಸ್ಟ್‌ನಲ್ಲಿ ಬರುವ ಭವಿಷ್ಯದ ಪಟ್ಟಿಗಳನ್ನು ತಮ್ಮ ಕ್ರೀಡಾಪುಟದಲ್ಲಿ ಪ್ರಕಟಿಸುವುದಾದರೆ, ಪ್ರತಿ ಹೆಸರಿನ ಪಕ್ಕದಲ್ಲಿ ಆ ಹುಡುಗ ಅದುವರೆಗೆ ಆಡಿದ ಪಂದ್ಯಗಳ ಸಂಖ್ಯೆಯನ್ನೂ ದಯವಿಟ್ಟು ಮುದ್ರಿಸಿ.

— ಓದುಗ, ಆಸ್ಟಿನ್, ಟೆಕ್ಸಾಸ್