ಹಚ್ಚುವ ಮೊದಲು ಹುಡುಕಿ

ಮಾನ್ಯ ಸಂಪಾದಕರಿಗೆ,

ಬಾತ್‌ಟಬ್ಬಿನ ಅಂಚಿನಲ್ಲಿ ಅಥವಾ ಶವರ್ ಕೆಳಗಿನ ಟೈಲ್ಸ್ ಸಂದಿನಲ್ಲಿ ನೀರು ಸೋರತೊಡಗಿದಾಗ, ಪೂರ್ತಿ ರಿಪೇರಿಗೆ ಅನುಕೂಲವಾಗುವ ತನಕ ಅದನ್ನು ಹೇಗಾದರೂ ತಡೆದಿಡುವುದು ಎಲ್ಲ ಮನೆಗಳಲ್ಲೂ ನಡೆಯುವ ಕೆಲಸವೇ. ಈ ಬಗ್ಗೆ ಪತ್ರಿಕೆಗಳಲ್ಲಿ ಬರುವ ಸಲಹೆಗಳು ಸಾಮಾನ್ಯವಾಗಿ ‘ಸಂದಿಗೆ ಸಿಲಿಕೋನ್ (ಒಣಗಿದ ಮೇಲೆ ರಬ್ಬರಿನಂತೆ ಬಾಗುವ ಅಂಟು) ಹಚ್ಚಿ’ ಎನ್ನುವಲ್ಲಿಗೆ ಮುಗಿದುಬಿಡುತ್ತವೆ. ಹಚ್ಚುವುದು ಕೊನೆಯ ಕೆಲಸ. ಸೋರುವುದು ಎಲ್ಲಿಂದ ಎಂದು ಗೊತ್ತುಮಾಡಿಕೊಳ್ಳುವುದು ಮೊದಲನೆಯದು ಎಂಬುದನ್ನು ನಾನು ಪೆಟ್ಟು ತಿಂದೇ ಕಲಿತದ್ದರಿಂದ ಈ ಪತ್ರ.

ನಮ್ಮ ಮನೆಯಲ್ಲಿ ಟಬ್ಬಿಗೂ ಗೋಡೆಗೂ ನಡುವಿನ ಸಂದಿಗೆ ಕೆಲಸದವರೊಬ್ಬರು ಬಿಳಿ ಸಿಮೆಂಟ್ ತುಂಬಿ ಹೋದರು. ನೀರು ತುಂಬಿದಾಗ ಟಬ್ಬು ಸ್ವಲ್ಪ ತಗ್ಗುತ್ತದೆ, ಖಾಲಿಯಾದಾಗ ಮತ್ತೆ ಮೇಲೇಳುತ್ತದೆ. ಸಿಮೆಂಟಿಗೆ ಆ ಬಾಗುವ ಗುಣವಿಲ್ಲ. ಕೆಲವೇ ದಿನಗಳಲ್ಲಿ ಅಂಚಿನುದ್ದಕ್ಕೂ ಕೂದಲೆಳೆಯಂಥ ಬಿರುಕು ಕಾಣಿಸಿಕೊಂಡಿತು. ಅದನ್ನು ಕೆತ್ತಿ ತೆಗೆದು ನಾನೇ ಸಿಲಿಕೋನ್ ಹಚ್ಚಿದೆ. ಆದರೂ ಕೆಳಗಿನ ಚಾವಣಿಯ ಕಲೆ ಅಗಲವಾಗುತ್ತಲೇ ಹೋಯಿತು, ಏಕೆಂದರೆ ನೀರು ಬರುತ್ತಿದ್ದದ್ದು ಗೋಡೆಯೊಳಗೆ ಶವರ್ ಕೊಳವೆಯ ತಿರುಪು ಕೂರುವ ಜಾಗದಿಂದ. ಟೆಫ್ಲಾನ್ ಟೇಪ್ ಸುತ್ತಿ ಮತ್ತೆ ಬಿಗಿದ ಮೇಲೆ ಸೋರುವುದು ನಿಂತಿತು.

ಆಗ ಮಾಡಬೇಕಿದ್ದ ಪರೀಕ್ಷೆ ತೀರಾ ಸರಳವಾದದ್ದು. ಎಲ್ಲವನ್ನೂ ಒರೆಸಿ ಒಣಗಿಸಿ, ಸೋರಿಕೆ ಕಾಣುವಲ್ಲಿ ಒಣ ಕಾಗದ ಹಾಸಿ, ಟಬ್ಬಿನ ರಂಧ್ರ ಮುಚ್ಚಿ, ನಲ್ಲಿಯಿಂದಲ್ಲದೆ ಬಕೆಟ್ಟಿನಿಂದ ನೀರು ತುಂಬಿ ಒಂದು ಗಂಟೆ ಬಿಡಬೇಕು. ಕಾಗದ ಒದ್ದೆಯಾಗದಿದ್ದರೆ ನೀರನ್ನು ಹೊರಬಿಟ್ಟು ನೋಡಬೇಕು. ಆಗ ಒದ್ದೆಯಾದರೆ ದೋಷ ಹೊರಹೋಗುವ ಕೊಳವೆಯಲ್ಲಿದೆ. ಅದೂ ಸರಿಯಿದ್ದರೆ ಟೈಲ್ಸ್ ಮೇಲೆ, ಸಂದುಗಳ ಮೇಲೆ ಚೊಂಬಿನಿಂದ ನೀರು ಹರಿಸಿ, ಕೊನೆಗೆ ಶವರ್ ತಿರುಗಿಸಬೇಕು. ಒಂದಾದ ಮೇಲೊಂದನ್ನೇ ಮಾಡಬೇಕು, ಎರಡು ಒಟ್ಟಿಗೆ ಮಾಡಿದರೆ ಏನೂ ತಿಳಿಯುವುದಿಲ್ಲ. ಇಡೀ ದಿನ ಯಾರೂ ಸ್ನಾನ ಮಾಡದಿದ್ದರೂ ಕಾಗದ ಒದ್ದೆಯಾಗುತ್ತಿದ್ದರೆ ಅದು ಸದಾ ಒತ್ತಡದಲ್ಲಿರುವ ಕೊಳವೆಯ ಸೋರಿಕೆಯಾಗಿರುವ ಸಾಧ್ಯತೆ ಹೆಚ್ಚು. ಅಲ್ಲಿ ಸಿಲಿಕೋನಿಗೆ ಕೆಲಸವಿಲ್ಲ, ವಾಲ್ವ್ ಮುಚ್ಚಿ ಪ್ಲಂಬರನ್ನು ಕರೆಯಬೇಕು.

ದೋಷ ನಿಜಕ್ಕೂ ಸಂದಿನಲ್ಲೇ ಇದೆಯೆಂದು ಖಚಿತವಾದರೆ, ಹಳೆಯ ಸಿಲಿಕೋನನ್ನು ಬ್ಲೇಡಿನಿಂದ ಪೂರ್ತಿ ಕಿತ್ತು ತೆಗೆಯುವುದು ಬೇಸರ ಹಿಡಿಸುವ ಕೆಲಸವಾದರೂ ಅನಿವಾರ್ಯ, ಏಕೆಂದರೆ ಗಟ್ಟಿಯಾದ ಹಳೆಯದರ ಮೇಲೆ ಹೊಸದು ಸರಿಯಾಗಿ ಅಂಟುವುದಿಲ್ಲ. ಸೋಪಿನ ಜಿಡ್ಡನ್ನೂ ಬೂಷ್ಟನ್ನೂ ಉಜ್ಜಿ ತೆಗೆದು, ಫ್ಯಾನ್ ಇಟ್ಟು ಕನಿಷ್ಠ ಒಂದು ರಾತ್ರಿ ಒಣಗಲು ಬಿಡಬೇಕು. ಮೇಲೆ ಒಣಗಿದಂತೆ ಕಂಡರೂ ಸಂದಿನ ಒಳಗೆ ನೀರು ನಿಂತಿರುತ್ತದೆ. ಹೆಚ್ಚಿನವರು ಸೋಲುವುದು ಇಲ್ಲೇ. ಹಚ್ಚುವ ಮೊದಲು ಟಬ್ಬಿಗೆ ನೀರು ತುಂಬಿಡಬೇಕು. 150 ಲೀಟರ್ ನೀರೆಂದರೆ 150 ಕಿಲೋ ಭಾರ. ಆ ಭಾರಕ್ಕೆ ಸಂದು ಬಾಯಿ ತೆರೆದಿರುವಾಗಲೇ ತುಂಬಿದರೆ ಮುಂದೆ ಎಳೆದು ಹರಿಯುವುದಿಲ್ಲ. ಸಂದಿನ ಎರಡೂ ಬದಿಗೆ ಕಾಗದದ ಟೇಪ್ ಅಂಟಿಸಿ, ಸಿಲಿಕೋನನ್ನು ಒಂದೇ ಸಮನೆ ಎಳೆದು, ಒದ್ದೆ ಬೆರಳಿನಿಂದ ಸವರಿ, ಹಸಿಯಿರುವಾಗಲೇ ಟೇಪ್ ಕಿತ್ತರೆ ಅಂಚು ಚೊಕ್ಕಟವಾಗಿರುತ್ತದೆ. ಬಳಿಕ 24 ಗಂಟೆ ಟಬ್ಬಿನ ನೀರನ್ನು ಹಾಗೆಯೇ ಬಿಡಬೇಕು, ಶವರ್ ತಿರುಗಿಸಬಾರದು. ಸಿಲಿಕೋನ್ ಗಾಳಿಯ ತೇವದಿಂದ ಹೊರಗಿನಿಂದ ಒಳಕ್ಕೆ ಗಟ್ಟಿಯಾಗುತ್ತದೆ. ಆದ್ದರಿಂದ ದಪ್ಪಗೆ ಮೆತ್ತಿದಷ್ಟೂ ಒಳಗೆ ಹಸಿಯಾಗಿಯೇ ಉಳಿಯುತ್ತದೆ. ವಿನಿಗರ್ ವಾಸನೆ ಬರುವ ಬಗೆಯದು ಆಮ್ಲ ಬಿಡುವುದರಿಂದ ಅಮೃತಶಿಲೆಗೆ ಆಗಿಬರುವುದಿಲ್ಲ.

ಇಷ್ಟಕ್ಕೂ ವ್ಯವಧಾನವಿಲ್ಲದವರು ಒಣಗಿದ ಸಂದಿನ ಮೇಲೆ ಜಲನಿರೋಧಕ ಟೇಪ್ ಒತ್ತಿ, ಗೋಡೆಗೆ ಪ್ಲಾಸ್ಟಿಕ್ ಹಾಳೆಯನ್ನು ಅದರ ಕೆಳತುದಿ ಟಬ್ಬಿನೊಳಕ್ಕೆ ಇಳಿಯುವಂತೆ ಇಳಿಬಿಟ್ಟರೂ ಕೆಲವು ದಿನ ದೂಡಬಹುದು. ನೋಡಲು ಚೆನ್ನಾಗಿರುವುದಿಲ್ಲ, ನಿಜ. ಆದರೆ ಹಸಿ ಸಂದಿಗೆ ಮೆತ್ತಿದ ಸಿಲಿಕೋನಿಗಿಂತ ನನಗೆ ಇದೇ ವಾಸಿ ಎನಿಸುತ್ತದೆ, ಏಕೆಂದರೆ ರಿಪೇರಿ ಬಾಕಿಯಿದೆ ಎಂಬುದನ್ನು ಅದು ದಿನವೂ ನೆನಪಿಸುತ್ತದೆ. ಸಿಲಿಕೋನ್ ಹಚ್ಚಿದವರು ಆ ದಿನಾಂಕವನ್ನು ಎಲ್ಲಾದರೂ ಬರೆದಿಡಲಿ, ಕೆಳಗಿನ ಚಾವಣಿಯ ಕಲೆಯ ಅಂಚಿಗೆ ಪೆನ್ಸಿಲ್ಲಿನಿಂದ ಗೆರೆ ಎಳೆದಿಡಲಿ. ಕಲೆ ಗೆರೆ ದಾಟಿತೆಂದರೆ ಮುಚ್ಚಿದ್ದು ಬೇರೆ ಜಾಗ, ಸೋರುತ್ತಿರುವುದು ಬೇರೆ ಜಾಗ. ಆ ಕಲೆಯ ಹತ್ತಿರ ವಿದ್ಯುತ್ ದೀಪವಿದ್ದರಂತೂ ಯಾವ ಪರೀಕ್ಷೆಗೂ ಮುನ್ನ ಅದರ ಸಂಪರ್ಕವನ್ನು ಮುಖ್ಯ ಸ್ವಿಚ್ಚಿನಲ್ಲೇ ತಪ್ಪಿಸಬೇಕು.

ಇತಿ,
ಒಬ್ಬ ಓದುಗ