ಫೈಲ್ ಕೆಟ್ಟು ಬಂದರೆ ಹಳೇ ಕಂಪ್ಯೂಟರ್ ಬಿಚ್ಚಬೇಡಿ

ಮಾನ್ಯ ಸಂಪಾದಕರೇ,

ಕಮೊಡೋರ್ 64, ಅಮಿಗಾ 500 ಥರದ ಹಳೇ ಹೋಮ್ ಕಂಪ್ಯೂಟರ್‌ಗಳನ್ನು ಮತ್ತೆ ಓಡಿಸಲು ಕೂತವರಿಗೆಲ್ಲ ಈ ಪತ್ರ. ಹೊಸ ಕಂಪ್ಯೂಟರಿನಿಂದ, ಒಂದೊಂದೇ ಬಿಟ್ ಸಾಲಾಗಿ ಸಾಗಿಸುವ ಸೀರಿಯಲ್ ಕೇಬಲ್‌ನಲ್ಲಿ ಫೈಲ್ ಕಳಿಸುತ್ತೀರಿ, ಅದು ಹೋಗಿ ಸೇರುತ್ತದೆ, ಆದರೆ ಪ್ರೋಗ್ರಾಂ ಓಡುವುದೇ ಇಲ್ಲ. ತಕ್ಷಣ ಮೆಮೊರಿ ಚಿಪ್ ಹೋಗಿದೆ, ಕೆಪಾಸಿಟರ್ ಸತ್ತಿದೆ ಅಂತ ಸ್ಕ್ರೂಡ್ರೈವರ್ ಹಿಡಿಯಬೇಡಿ. ಸುಮ್ನೆ ಬಿಚ್ಚಿ, ಸಾಲ್ಡರ್ ಮಾಡಲು ಹೋಗಿ ಚೆನ್ನಾಗಿದ್ದ ಬೋರ್ಡ್ ಹಾಳಾದರೆ ಹೊಟ್ಟೆ ಉರಿಯುತ್ತದೆ. ಅಂಥ ಹಳೇ ಅಸಲಿ ಬೋರ್ಡ್ ಮತ್ತೆ ಸಿಗುವುದು ಕಷ್ಟ, ಅಲ್ವಾ?

ಮೊದಲು ಫೈಲ್ ಹೇಗೆ ಕೆಟ್ಟಿದೆ ಅಂತ ನೋಡಿ. ಅದಕ್ಕೆ 256 ಬೈಟಿನ ಒಂದು ಪುಟ್ಟ ಫೈಲ್ ಸಾಕು. 0ಯಿಂದ 255ರವರೆಗೆ ಪ್ರತಿ ಸಂಖ್ಯೆ ಒಂದೊಂದು ಸಲ ಇರಲಿ. ಯಾವ ಪ್ರೋಟೊಕಾಲ್ (ಫೈಲ್ ಕಳಿಸುವ ನಿಯಮಗಳ ಕಟ್ಟು) ಕೂಡ ಇಲ್ಲದೆ ನೇರವಾಗಿ ಕಳಿಸಿ, ಆ ಕಡೆ ಬಂದದ್ದನ್ನು ಒಂದೊಂದೇ ಬೈಟ್ ಓದಿ. 17 ಮತ್ತು 19 ಮಾತ್ರ ಕಾಣೆಯಾಗಿದ್ದರೆ ಎಕ್ಸಾನ್-ಎಕ್ಸಾಫ್ ಎಂಬ, ಡೇಟಾ ಹರಿವನ್ನು ತಡೆದು ಬಿಡುವ ಸೆಟ್ಟಿಂಗ್ ಆನ್ ಆಗಿದೆ: ಅವು "ಮುಂದುವರಿಸು", "ನಿಲ್ಲಿಸು" ಎನ್ನುವ ಸಂಕೇತಗಳು, ಹಾಗಾಗಿ ಅವನ್ನು ಡೇಟಾ ಅಂತ ಎಣಿಸದೆ ಯಂತ್ರ ನುಂಗಿಬಿಡುತ್ತದೆ. 127 ಆದ ಮೇಲೆ ಮತ್ತೆ 0, 1, 2 ಅಂತ ಶುರುವಾದರೆ ಲೈನ್ ಏಳು ಬಿಟ್‌ಗೆ ಸೆಟ್ ಆಗಿದೆ, ಎಂಟನೆಯ ಬಿಟ್ ದಾರಿಯಲ್ಲೇ ಕಳೆದುಹೋಗುತ್ತಿದೆ. 10ರ ಹಿಂದೆ ಹೆಚ್ಚುವರಿ 13 ಸೇರಿ ಫೈಲ್ ಉದ್ದವಾಗಿದ್ದರೆ, ಸಾಫ್ಟ್‌ವೇರ್ ಅದನ್ನು ಟೆಕ್ಸ್ಟ್ ಅಂದುಕೊಂಡು ಸಾಲು ಮುಗಿಯುವ ಗುರುತನ್ನು ಬದಲಿಸಿದೆ. ಈ ಮೂರರಲ್ಲಿ ಒಂದಕ್ಕೂ ಯಂತ್ರ ಬಿಚ್ಚಬೇಕಿಲ್ಲ, ಸೆಟ್ಟಿಂಗ್ ಬದಲಿಸಿದರೆ ಮುಗಿಯಿತು.

ಪುಟ್ಟ ಫೈಲ್ ಸರಿಯಾಗಿ ಬಂದು ದೊಡ್ಡದು ಮಾತ್ರ ಅಲ್ಲಲ್ಲಿ ಬೈಟ್ ಕಳೆದುಕೊಂಡರೆ ಅದು ವೇಗದ ತೊಂದರೆ. ಸೆಕೆಂಡಿಗೆ 9600 ಬಿಟ್ ವೇಗದಲ್ಲಿ, ಶುರು-ಕೊನೆಯ ಗುರುತು ಸೇರಿ ಬೈಟಿಗೆ ಹತ್ತು ಬಿಟ್ ಅಂದರೆ, ಸೆಕೆಂಡಿಗೆ ಸುಮಾರು 960 ಬೈಟ್ ಬರುತ್ತವೆ. ಹಳೇ ಯಂತ್ರ ಡಿಸ್ಕಿಗೆ ಬರೆಯುತ್ತಿರುವಾಗ ಬಂದವು ಹಾಗೇ ಹೋಗಿಬಿಡುತ್ತವೆ. ಕಮೊಡೋರ್ 64ರಲ್ಲಂತೂ ಸೀರಿಯಲ್ ಕೆಲಸಕ್ಕೆ ಬೇರೆ ಚಿಪ್ಪೇ ಇಲ್ಲ, ಪ್ರೊಸೆಸರ್ ತಾನೇ ಒಂದೊಂದು ಬಿಟ್ ಎಣಿಸಬೇಕು, ಹಾಗಾಗಿ 1200ಕ್ಕೆ ಇಳಿಸಿ ನೋಡಿ. ಕೇಬಲ್ ಕೂಡ ನೋಡಿ. ಮೂರೇ ತಂತಿಯ ಕೇಬಲ್‌ನಲ್ಲಿ "ತಾಳು" ಅಂತ ಹೇಳುವ ಆರ್‌ಟಿಎಸ್, ಸಿಟಿಎಸ್ ತಂತಿಗಳೇ ಇರುವುದಿಲ್ಲ.

ಪರೀಕ್ಷೆ ಮುಗಿದ ಮೇಲೆ ನಿಜವಾದ ಫೈಲುಗಳಿಗೆ, ತಪ್ಪು ಹಿಡಿದು ಮತ್ತೆ ಕಳಿಸುವ ಪ್ರೋಟೊಕಾಲ್ ಆದ ಎಕ್ಸ್‌ಮೋಡೆಮ್ ಬಳಸಿ. 1977ರಲ್ಲಿ ವಾರ್ಡ್ ಕ್ರಿಸ್ಟೆನ್ಸೆನ್ ಬರೆದದ್ದು, ಇವತ್ತಿಗೂ ಕೆಲಸ ಮಾಡುತ್ತದೆ. ಆದರೆ ಮೊದಲಿನ ರೂಪದಲ್ಲಿ ಅದು 128 ಬೈಟುಗಳನ್ನು ಸುಮ್ನೆ ಕೂಡಿ ನೋಡುತ್ತದೆ ಅಷ್ಟೇ, ಎರಡು ಬೈಟ್ ಅದಲು ಬದಲಾದರೂ ಮೊತ್ತ ಅದೇ ಬರುತ್ತದೆ. ಸಿಆರ್‌ಸಿ ಎಂಬ ಇನ್ನೂ ಗಟ್ಟಿಯಾದ ತಪ್ಪು-ಪರೀಕ್ಷೆ ಇರುವ ರೂಪ ಸಿಕ್ಕರೆ ಅದನ್ನೇ ಆರಿಸಿಕೊಳ್ಳಿ. ಫೈಲಿನ ಕೊನೆಯಲ್ಲಿ 26 ಎಂಬ ಬೈಟ್ ಸಾಲಾಗಿ ಕಂಡರೆ ಹೆದರಬೇಡಿ, ಕೊನೆಯ ಬ್ಲಾಕ್ ತುಂಬಿಸಲು ಹಾಕಿದ್ದು. ಸಾಮಾನ್ಯವಾಗಿ ತೊಂದರೆ ಇಲ್ಲ, ಫೈಲಿನ ಅಳತೆ ಸರಿಯಾಗಿರಲೇಬೇಕು ಅನ್ನುವ ಪ್ರೋಗ್ರಾಂಗಳಿಗೆ ಮಾತ್ರ ಅದನ್ನು ಕತ್ತರಿಸಿ ತೆಗೆಯಬೇಕು.

ಒಂದು ಎಚ್ಚರಿಕೆ ಹೇಳಲೇಬೇಕು. ಕಮೊಡೋರ್ 64ರ ಯೂಸರ್ ಪೋರ್ಟ್ (ಸೀರಿಯಲ್ ತಂತಿ ಜೋಡಿಸುವ ಜಾಗ) 5 ವೋಲ್ಟಿನದು. ಆರ್‌ಎಸ್-232 ಎಂಬ ಮಾಮೂಲಿ ಸೀರಿಯಲ್ ಲೈನಿನಲ್ಲಿ 12 ವೋಲ್ಟ್, ಅದೂ ಮೈನಸ್ ಕಡೆಗೂ ಇರಬಹುದು. ನಡುವೆ ವೋಲ್ಟೇಜ್ ಬದಲಿಸುವ ಅಡಾಪ್ಟರ್ ಇಲ್ಲದೆ ನೇರ ಜೋಡಿಸಿದರೆ ಚಿಪ್ ನಿಜಕ್ಕೂ ಸುಟ್ಟುಹೋಗಬಹುದು.

ಹಳೇ ಕಂಪ್ಯೂಟರ್ ದುರಸ್ತಿ ಬಗ್ಗೆ ನಿಮ್ಮ ಪತ್ರಿಕೆಯಲ್ಲಿ ಯಾರಾದರೂ ಬರೆದರೆ, ಕೆಪಾಸಿಟರ್ ಬದಲಿಸುವ ವಿಷಯಕ್ಕಿಂತ ಮುಂಚೆ ಈ 256 ಬೈಟಿನ ಪರೀಕ್ಷೆ ಬರೆಯಲು ದಯವಿಟ್ಟು ಹೇಳಿ.

ಇಂತಿ,
ನಿಮ್ಮ ಓದುಗ