ಬಿಚ್ಚಿಕೊಂಡು ಹೋದ ಹಳೇ ಮೀಟರ್ ತೋರಿಸಿ, ಬಿಲ್ ಸರಿಮಾಡಿ

ಗೆ,
ಸಹಾಯಕ ಕಾರ್ಯನಿರ್ವಾಹಕ ಎಂಜಿನಿಯರ್,
ವಿದ್ಯುತ್ ಸರಬರಾಜು ಕಂಪನಿ, ಉಪವಿಭಾಗ ಕಚೇರಿ.

ವಿಷಯ: ಹೇಳದೆ ಕೇಳದೆ ಸ್ಮಾರ್ಟ್ ಮೀಟರ್ ಹಾಕಿ, ಹಳೇ ಮೀಟರಿನ ರೀಡಿಂಗ್ ತಪ್ಪಾಗಿ ಹಿಡಿದು ಬಿಲ್ ಕೊಟ್ಟಿರುವ ಬಗ್ಗೆ.

ಮಾನ್ಯರೇ,

ಜೂನ್ 13ರ ಮಧ್ಯಾಹ್ನ ನಮ್ಮ ಮನೆಯ ಹಳೇ ಮೀಟರ್ ಬಿಚ್ಚಿ ಸ್ಮಾರ್ಟ್ ಮೀಟರ್ ಕೂರಿಸಿದ್ದಾರೆ. ಆಗ ಮನೆಯಲ್ಲಿ ಇದ್ದದ್ದು ನಮ್ಮ ತಾಯಿ ಒಬ್ಬರೇ. ಬಂದ ಇಬ್ಬರು ಹುಡುಗರ ಹತ್ತಿರ ಗುರುತಿನ ಚೀಟಿ ಇರಲಿಲ್ಲ. ಯಾಕಪ್ಪಾ ಬದಲಾಯಿಸ್ತಿದ್ದೀರಿ ಎಂದು ಅಮ್ಮ ಕೇಳಿದ್ದಕ್ಕೆ, "ಮೇಲಿಂದ ಆರ್ಡರ್ ಇದೆ ಅಜ್ಜಿ" ಎಂದರಂತೆ. ಒಂದು ಕಾಗದ ಕೊಡಲಿಲ್ಲ, ಸಹಿ ಹಾಕಿಸಿಕೊಳ್ಳಲಿಲ್ಲ. ಹಳೇ ಮೀಟರನ್ನು ಚೀಲಕ್ಕೆ ಹಾಕಿಕೊಂಡು ಹೊರಟೇ ಹೋದರು. ಅದರಲ್ಲಿ ಕೊನೆಗೆ ಎಷ್ಟು ಇತ್ತು ಅಂತ ಅಮ್ಮನಿಗೆ ತೋರಿಸಲೇ ಇಲ್ಲ.

ಸ್ಮಾರ್ಟ್ ಮೀಟರ್ ಬಂದಿದ್ದಕ್ಕೆ ನನ್ನ ವಿರೋಧ ಇಲ್ಲ. ನನ್ನ ತಕರಾರೆಲ್ಲ ಆ ಕೊನೆಯ ರೀಡಿಂಗ್ ಬಗ್ಗೆ.

ಮೀಟರ್ ರೀಡರ್ ಬಂದು ಬಿಲ್ ಹರಿದು ಕೊಟ್ಟ ದಿನವೇ ಅಮ್ಮ ಆ ರೀಡಿಂಗನ್ನು ಅಡುಗೆಮನೆಯ ಕ್ಯಾಲೆಂಡರಿನಲ್ಲಿ, ಆ ತಾರೀಖಿನ ಚೌಕದೊಳಗೆ ಬರೆದಿಡುತ್ತಾರೆ. ಜೂನ್ 1ರ ಚೌಕದಲ್ಲಿ 18,342 ಎಂದಿದೆ. ನಿಮ್ಮ ಬಿಲ್‌ನಲ್ಲೂ ಅಷ್ಟೇ ಇದೆ. ಈಗ ಜುಲೈ 1ರ ಬಿಲ್ ಪ್ರಕಾರ ಹಳೇ ಮೀಟರ್ ತೆಗೆಯುವಾಗ 18,487 ಇತ್ತಂತೆ. ಅಂದರೆ 12 ದಿನಕ್ಕೆ 145 ಯೂನಿಟ್! ನಿಮ್ಮದೇ ಹೊಸ ಮೀಟರ್ ಉಳಿದ 18 ದಿನಕ್ಕೆ ತೋರಿಸಿರುವುದು 68 ಯೂನಿಟ್. ಅದೇ ಮನೆ, ಅದೇ ಫ್ರಿಜ್, ಅದೇ ಎರಡು ಫ್ಯಾನು. ಸ್ನಾನದ ನೀರಿಗೆ ಸೋಲಾರ್ ಇದೆ. ಹಿಂದಿನ ಬಿಲ್‌ಗಳನ್ನು ತೆಗೆದು ನೋಡಿ, ತಿಂಗಳಿಗೆ 120 ಯೂನಿಟ್ ದಾಟಿದ್ದಿಲ್ಲ. 18,387 ಇದ್ದದ್ದನ್ನು ಬರೆದುಕೊಳ್ಳುವಾಗ 3ರ ಜಾಗಕ್ಕೆ 4 ಬಿದ್ದಿದೆ ಎಂಬುದು ನನ್ನ ಅನುಮಾನ. ಹಾಗೆ ಲೆಕ್ಕ ಹಾಕಿದರೆ 45 ಯೂನಿಟ್ ಆಗುತ್ತದೆ. ಹೊಸ ಮೀಟರಿನ ಲೆಕ್ಕಕ್ಕೂ ಸರಿಯಾಗಿ ಹೊಂದುತ್ತದೆ.

ಒಂದು ಅಂಕಿ ತಾನೇ ಎಂದು ತಳ್ಳಿಹಾಕಬೇಡಿ. ಎರಡೂ ಮೀಟರ್ ಸೇರಿ ಬಿಲ್ 213 ಯೂನಿಟ್‌ಗೆ ಹೋಗಿದೆ. ಗೃಹಜ್ಯೋತಿಯಲ್ಲಿ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ ಕಟ್ಟಬೇಕು. ಪಿಂಚಣಿಯಲ್ಲಿ ಸಂಸಾರ ತೂಗಿಸುವ ಮನೆಗೆ ಇದು ಸಣ್ಣ ಮೊತ್ತ ಅಲ್ಲ.

ನಿಮ್ಮ ಕಚೇರಿಯಲ್ಲಿ ಕೇಳಿದರೆ, "ಸಿಸ್ಟಮ್‌ನಲ್ಲಿ ಹಾಗೇ ಬಂದಿದೆ, ಮೊದಲು ಕಟ್ಟಿ" ಎಂದರು. ಕಟ್ಟದಿದ್ದರೆ ಫ್ಯೂಸ್ ಕಿತ್ತುಕೊಂಡು ಹೋಗ್ತೀವಿ ಎಂದು ಲೈನ್‌ಮ್ಯಾನ್ ಅಮ್ಮನಿಗೆ ಹೇಳಿ ಹೋಗಿದ್ದಾರೆ. ವಯಸ್ಸಾದವರನ್ನು ಹೀಗೆ ಸುಮ್ನೆ ಹೆದರಿಸುವುದು ಸರೀನಾ? 2003ರ ವಿದ್ಯುತ್ ಕಾಯ್ದೆಯ ಸೆಕ್ಷನ್ 56ರ ಪ್ರಕಾರ, ಬಾಕಿ ಇದ್ದರೂ 15 ದಿನಗಳ ಲಿಖಿತ ನೋಟಿಸ್ ಕೊಡದೆ ಕರೆಂಟ್ ತೆಗೆಯುವ ಹಾಗಿಲ್ಲ. ಮೀಟರ್ ಕೆಲಸಕ್ಕೆ ಮನೆಗೆ ಬರುವವರೂ ಅಧಿಕಾರ ಪಡೆದವರಾಗಿರಬೇಕು, ಮನೆಯವರಿಗೆ ತಿಳಿಸಿಯೇ ಬರಬೇಕು ಎಂದು ಸೆಕ್ಷನ್ 163 ಹೇಳುತ್ತದೆ.

ವಿದ್ಯುತ್ ಗ್ರಾಹಕರ ಹಕ್ಕುಗಳ ನಿಯಮಗಳು 2020ರಲ್ಲಿ ಬಂದವು. ಅವಕ್ಕೆ 2024ರಲ್ಲಿ ಆದ ತಿದ್ದುಪಡಿಯಂತೆ, ರೀಡಿಂಗ್ ಜಾಸ್ತಿ ಬರ್ತಿದೆ ಎಂದು ಗ್ರಾಹಕರು ದೂರು ಕೊಟ್ಟರೆ 5 ದಿನದೊಳಗೆ ಇನ್ನೊಂದು ಮೀಟರ್ ಹಾಕಿ, ಕನಿಷ್ಠ 3 ತಿಂಗಳು ತಾಳೆ ನೋಡಬೇಕು. ಆದರೆ ನಮ್ಮ ತಕರಾರಿರುವ ಮೀಟರನ್ನು ನೀವೇ ತೆಗೆದುಕೊಂಡು ಹೋಗಿದ್ದೀರಿ. ಇನ್ನು ಯಾವುದರ ಜೊತೆ ತಾಳೆ ನೋಡುವುದು? ಅದಕ್ಕೇ ಆ ಹಳೇ ಮೀಟರನ್ನು ಗುಜರಿಗೆ ಹಾಕದೆ ಹಾಗೇ ಇಟ್ಟಿರಬೇಕು ಎಂದು ಕೇಳುತ್ತಿದ್ದೇನೆ. ಬಿಲ್‌ನಲ್ಲಿರುವ ಮೀಟರ್ ನಂಬರ್ ಹೊಂದಿಸಿ, ನನ್ನ ಎದುರಿಗೇ ರೀಡಿಂಗ್ ನೋಡೋಣ. 18,487 ಇದ್ದರೆ ನಾನು ಮರುಮಾತಿಲ್ಲದೆ ದುಡ್ಡು ಕಟ್ಟುತ್ತೇನೆ. ಇಲ್ಲದಿದ್ದರೆ ಜುಲೈ ಬಿಲ್ ಸರಿಮಾಡಿ, ಗೃಹಜ್ಯೋತಿ ಲೆಕ್ಕಕ್ಕೆ ಹಾಕಿಕೊಡಿ. ಅಲ್ಲಿಯವರೆಗೆ ಕರೆಂಟ್ ತೆಗೆಯಬೇಡಿ.

ನಮ್ಮ ಮೀಟರ್ ಯಾವ ಆದೇಶದ ಮೇಲೆ ಬದಲಾಯಿತು ಎಂಬುದರ ಪ್ರತಿಯನ್ನೂ ಕೊಡಿ. ದಿನದ ಬಳಕೆ ಮೊಬೈಲ್‌ನಲ್ಲಿ ಹೇಗೆ ನೋಡಬೇಕು ಅಂತ ಯಾರೂ ಹೇಳಿಕೊಟ್ಟಿಲ್ಲ, ಅದನ್ನೂ ತಿಳಿಸಿ.

ಎರಡೂ ಬಿಲ್‌ಗಳ ಪ್ರತಿ, ಕ್ಯಾಲೆಂಡರಿನ ಫೋಟೋ ಇದರ ಜೊತೆಗಿವೆ. ಲಿಖಿತ ಉತ್ತರ ಬಾರದಿದ್ದರೆ ಗ್ರಾಹಕರ ಕುಂದುಕೊರತೆ ನಿವಾರಣಾ ವೇದಿಕೆಗೆ ಹೋಗುತ್ತೇನೆ. ಮೀಟರ್ ಯಾವ ಸ್ಟೋರ್‌ನಲ್ಲಿದೆ ಎಂದು ತಿಳಿಸಿದರೆ ನಾನೇ ಅಲ್ಲಿಗೆ ಬರುತ್ತೇನೆ.

ಇಂತಿ ತಮ್ಮ ಗ್ರಾಹಕ
(ಆರ್‌ಆರ್ ನಂಬರ್, ವಿಳಾಸ ಬಿಲ್ ಪ್ರತಿಯಲ್ಲಿವೆ)